ಬಿಭಾ ಚೌಧುರಿ: ಪ್ಲೇಟಿನ ಮೇಲಿನ ಕಪ್ಪು ಚುಕ್ಕಿ ಎಣಿಸಿದವರು

ಮಹಿಳಾ ವೇದಿಕೆಯ ಇ-ಸಂಚಿಕೆಗೆ ಯಾರಾದರೂ ಸಾಧಕಿಯ ಬಗ್ಗೆ ಬರೆದುಕೊಡಿ ಎಂದು ನಮ್ಮ ಸಂಚಾಲಕಿ ಫೋನ್ ಮಾಡಿದಾಗ ನನ್ನ ಬಾಯಿಗೆ ಮೊದಲು ಬಂದ ಹೆಸರು ಮೇರಿ ಕ್ಯೂರಿಯದು. ಅವರು ನಕ್ಕುಬಿಟ್ಟರು. ಆಗಲೇ ಇಬ್ಬರು ಮೇರಿ ಕ್ಯೂರಿಯನ್ನು ಹಿಡಿದುಕೊಂಡಿದ್ದರಂತೆ. ಸರಿ, ಹಾಗಾದರೆ ಬಿಭಾ ಚೌಧುರಿ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಈಚೆಗೆ ಅವರ ಹೆಸರು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಆಕಾಶದ ಒಂದು ನಕ್ಷತ್ರಕ್ಕೂ ಅವರ ಹೆಸರಿಟ್ಟಿದ್ದಾರೆ. ಆದರೂ ಅವರು ಮಾಡಿದ್ದೇನು ಎಂದು ಕೇಳಿದರೆ, ನೊಬೆಲ್ ಕೈತಪ್ಪಿದವರು ಎಂಬ ಒಂದೇ ಮಾತು ಸಿಗುತ್ತದೆ. ಆ ಒಂದು ಮಾತು ನನಗೆ ಸರಿಬರುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ನನ್ನ ಕೆಲಸದಿಂದಲೇ ಶುರು ಮಾಡಬೇಕು.

1978ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದವಳು ನಾನು. ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗಿ ಒಂದು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಟೆಕ್ನೀಷಿಯನ್ ಆಗಿದ್ದೆ. ಅರ್ಧ ಆಯುಷ್ಯ ಡಾರ್ಕ್‌ರೂಮಿನ ಕೆಂಪು ದೀಪದಲ್ಲೇ ಕಳೆಯಿತು. ಫಿಲ್ಮನ್ನು ಡೆವಲಪರಿನಲ್ಲಿ ಅದ್ದು, ತೊಳೆ, ಫಿಕ್ಸರಿನಲ್ಲಿ ಅದ್ದು, ಮತ್ತೆ ತೊಳೆ. ಸೀರೆಗೆ ಹತ್ತಿದ ಆ ಹುಳಿ ವಾಸನೆ ನಮ್ಮತ್ತೆಯವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಸೇರಿದ ಹೊಸತರಲ್ಲಿ ಒಮ್ಮೆ ನಾನೇ ಫಿಲ್ಮಿನ ಹೊಸ ಪೆಟ್ಟಿಗೆಯನ್ನು ಎಕ್ಸ್-ರೇ ಕೋಣೆಯ ಮೂಲೆಯಲ್ಲಿ ಮರೆತುಬಿಟ್ಟಿದ್ದೆ. ಮರುದಿನ ಒಂದೊಂದು ಫಿಲ್ಮೂ ಬೂದಿ ಬಳಿದ ಹಾಗೆ ಮಂಕಾಗಿತ್ತು. ಅದಕ್ಕೆ ಫಾಗ್ ಆಗುವುದು ಎನ್ನುತ್ತಾರೆ. ಪ್ಲೇಟು, ಫಿಲ್ಮು ಎಷ್ಟು ನಾಜೂಕಿನ ವಸ್ತು ಎಂದು ಅವತ್ತು ಬೈಸಿಕೊಂಡು ಕಲಿತೆ.

ನನಗಿಂತ ಹಿರಿಯರಾದ ಮರಾಠಿ ತಾಯಿಯೊಬ್ಬರು ಹಳೆಯ ಕಾಲದ ಫಿಲ್ಮ್ ಬ್ಯಾಡ್ಜಿನ ಡಬ್ಬಿಯೊಂದನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ನಮ್ಮ ಕಾಲಕ್ಕೆ ಟಿ.ಎಲ್.ಡಿ. ಬ್ಯಾಡ್ಜ್ ಬಂದಾಗಿತ್ತು. ಅದಕ್ಕೆ ಮೊದಲು ಎದೆಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ಚಿಕ್ಕದೊಂದು ಫಿಲ್ಮ್ ತುಂಡನ್ನೇ. ಯಾವ ವಿಕಿರಣ ಬಿದ್ದರೂ ಫಿಲ್ಮು ಕಪ್ಪಾಗುತ್ತದೆ, ಬಿದ್ದದ್ದು ಬೀಟಾವೋ ಗಾಮಾವೋ ಅದು ಹೇಳುವುದಿಲ್ಲ. ಅದಕ್ಕೆ ಡಬ್ಬಿಯಲ್ಲಿ ಒಂದು ಕಡೆ ಬರೀ ಕಿಂಡಿ, ಒಂದು ಕಡೆ ಪ್ಲಾಸ್ಟಿಕ್, ಒಂದು ಕಡೆ ತಾಮ್ರ, ಇನ್ನೊಂದು ಕಡೆ ಸೀಸ ಇಟ್ಟಿರುತ್ತಿದ್ದರು. ಬರೀ ಕಿಂಡಿಯ ಕೆಳಗೆ ಕಪ್ಪಾಗಿ ಲೋಹದ ಕೆಳಗೆ ತಿಳಿಯಾಗಿದ್ದರೆ ಬಂದದ್ದು ಬೀಟಾ. ಲೋಹದ ಕೆಳಗೂ ಕಪ್ಪಾಗಿದ್ದರೆ ಗಾಮಾ. ಜರಡಿ ಬದಲಿಸಿ ಬದಲಿಸಿ ಹಿಟ್ಟು ಯಾವುದು ರವೆ ಯಾವುದು ಎಂದು ಬೇರೆ ಮಾಡಿದ ಹಾಗೆ.

ನಿವೃತ್ತಿಗೆ ಕೆಲವು ವರ್ಷ ಮೊದಲು ನಮ್ಮಲ್ಲಿ ಫಿಲ್ಮು ಹೋಗಿ ಇಮೇಜಿಂಗ್ ಪ್ಲೇಟುಗಳು ಬಂದವು. ಅದರ ಮೇಲಿನ ಲೇಪ ಬೇರಿಯಂ ಸೇರಿದ ಒಂದು ಲವಣ, ಅದರಲ್ಲಿ ಚಿಟಿಕೆಯಷ್ಟು ಯೂರೋಪಿಯಂ. ಬಿದ್ದ ಶಕ್ತಿಯನ್ನು ಲೇಪವು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಲೇಸರ್ ಸವರಿದರೆ ನೀಲಿ ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಬೆಳಕನ್ನು ಕಂಪ್ಯೂಟರ್ ಚಿತ್ರ ಮಾಡುತ್ತದೆ. ಆಮೇಲೆ ಜೋರು ಬೆಳಕು ಹಾಯಿಸಿ ಅಳಿಸಿದರೆ, ಸ್ಲೇಟಿನ ಹಾಗೆ ಮತ್ತೆ ಬಳಸಬಹುದು. ಆದರೆ ಈ ಹೊಸ ಪ್ಲೇಟಿನದೂ ಹಳೆಯ ಫಿಲ್ಮಿನ ಗುಣವೇ. ಎಷ್ಟು ಶಕ್ತಿ ಬಿತ್ತು ಎನ್ನುತ್ತದೆ, ಯಾರು ತಂದು ಹಾಕಿದರು ಎನ್ನುವುದಿಲ್ಲ. ಅದು ಬೇಕಿದ್ದರೆ ಎದುರಿಗೆ ಕಾಗದವನ್ನೋ ಅಲ್ಯೂಮಿನಿಯಮನ್ನೋ ಸೀಸವನ್ನೋ ಇಟ್ಟು ನಾವೇ ಜರಡಿ ಹಿಡಿಯಬೇಕು.

ಇದೆಲ್ಲ ಗೊತ್ತಿದ್ದ ನನಗೆ, 1940ರ ಸುಮಾರಿಗೆ ಕಲ್ಕತ್ತೆಯಲ್ಲಿ ಒಬ್ಬ ಹೆಣ್ಣುಮಗಳು ಅಚ್ಚುಮನೆಯ ಚಿತ್ರದ ಕೆಲಸಕ್ಕೆಂದು ಮಾಡಿದ ಗಾಜಿನ ಪ್ಲೇಟು ಇಟ್ಟುಕೊಂಡು, ಯಾವ ಜರಡಿಯನ್ನೂ ನೆಚ್ಚಿಕೊಳ್ಳದೆ, ಬಂದ ಕಣ ಯಾವುದು ಎಂದು ಹೇಳಲು ಹೊರಟಿದ್ದರು ಎಂದು ಓದಿದಾಗ ಆದ ಆಶ್ಚರ್ಯ ಸಣ್ಣದಲ್ಲ.

ಬಿಭಾ ಹುಟ್ಟಿದ್ದು 1913ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ಡಾಕ್ಟರು, ಹೂಗ್ಲಿ ಕಡೆಯ ಜಮೀನ್ದಾರಿ ಮನೆತನ. ತಾಯಿಯ ಕಡೆ ಬ್ರಹ್ಮಸಮಾಜದ ವಾತಾವರಣ, ಹೆಣ್ಣುಮಕ್ಕಳು ಓದುವುದು ಆ ಮನೆಯಲ್ಲಿ ವಿಶೇಷವೇನೂ ಆಗಿರಲಿಲ್ಲ. ಬೆಥೂನ್ ಶಾಲೆ, ಸ್ಕಾಟಿಷ್ ಚರ್ಚ್ ಕಾಲೇಜು, ಅಲ್ಲಿಂದ ರಾಜಾಬಜಾರ್ ಸೈನ್ಸ್ ಕಾಲೇಜು. 1936ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದವರಲ್ಲಿ ಅವರೊಬ್ಬರೇ ಹೆಣ್ಣು.

ಮುಂದೆ ಸಂಶೋಧನೆ ಮಾಡಬೇಕೆಂದು ಅವರು ಹೋಗಿ ನಿಂತದ್ದು ದೇಬೇಂದ್ರ ಮೋಹನ್ ಬೋಸರ ಎದುರು. ಜಗದೀಶಚಂದ್ರ ಬೋಸರ ಸೋದರಳಿಯ, ದೊಡ್ಡ ಭೌತವಿಜ್ಞಾನಿ. ಹೆಂಗಸರಿಗೆ ಕೊಡುವಂಥ ಕೆಲಸ ತಮ್ಮಲ್ಲಿಲ್ಲ ಎಂದು ಅವರು ಮೊದಲು ಹಿಂಜರಿದರಂತೆ. ಬಿಭಾ ಜಗ್ಗಲಿಲ್ಲ, ಕೊನೆಗೆ ಅವರೇ ಒಪ್ಪಬೇಕಾಯಿತು. ನನಗೆ ಡಿ. ಎಂ. ಬೋಸರ ಮೇಲೆ ಇದಕ್ಕಾಗಿ ಸಿಟ್ಟು ಮಾಡಿಕೊಳ್ಳಲು ಮನಸ್ಸಿಲ್ಲ. ಒಪ್ಪಿದ ಮೇಲೆ ಅವರು ಈ ಹುಡುಗಿಗೆ ಲೆಕ್ಕ ಬರೆಯುವ ಕೆಲಸ ಕೊಡಲಿಲ್ಲ, ಆ ಕಾಲದ ಅತಿ ಕಠಿಣ ಪ್ರಶ್ನೆಯೊಂದನ್ನೇ ಕೈಗಿಟ್ಟರು. ಮುಂದೆ ಪ್ರಬಂಧಗಳಲ್ಲಿ ಅವಳ ಹೆಸರನ್ನು ತಮ್ಮ ಹೆಸರಿನ ಪಕ್ಕದಲ್ಲೇ ಹಾಕಿದರು. 1938ರಲ್ಲಿ ಅವರು ಬೋಸ್ ಸಂಸ್ಥೆಯ ನಿರ್ದೇಶಕರಾದಾಗ ಬಿಭಾ ಕೂಡ ಅಲ್ಲಿಗೇ ಹೋದರು.

ಪ್ರಶ್ನೆ ಇದು. ಆಕಾಶದಿಂದ ಹಗಲೂ ರಾತ್ರಿ ನಮ್ಮ ಮೇಲೆ ವಿಶ್ವಕಿರಣಗಳು ಬೀಳುತ್ತಲೇ ಇವೆ, ಅವುಗಳಲ್ಲಿ ಯಾವ ಯಾವ ಕಣಗಳಿವೆ? ಎಲೆಕ್ಟ್ರಾನ್ ಗೊತ್ತಿತ್ತು, ಪ್ರೋಟಾನ್ ಗೊತ್ತಿತ್ತು. 1935ರಲ್ಲಿ ಜಪಾನಿನ ಯುಕಾವಾ ಇವೆರಡರ ನಡುವಿನ ತೂಕದ ಕಣವೊಂದು ಇರಬೇಕು ಎಂದು ಲೆಕ್ಕ ಹಾಕಿ ಹೇಳಿದ್ದರು. ಮರುವರ್ಷವೇ ಅಮೆರಿಕದಲ್ಲಿ ಆ್ಯಂಡರ್ಸನ್ ಮತ್ತು ನೆಡರ್‌ಮೇಯರ್ ಅಂಥದ್ದೊಂದನ್ನು ಮಂಜಿನ ಪೆಟ್ಟಿಗೆಯಲ್ಲಿ ಕಂಡಿದ್ದರು. ನಡುವಿನದಾದ್ದರಿಂದ ಅದಕ್ಕೆ ಮೆಸೊಟ್ರಾನ್ ಎಂದು ಹೆಸರು. ಅದರ ತೂಕ ಎಷ್ಟು ಎಂಬುದು ಇನ್ನೂ ಗಟ್ಟಿಯಾಗಿರಲಿಲ್ಲ.

1938ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಸೈನ್ಸ್ ಕಾಂಗ್ರೆಸ್ಸಿನ ರಜತ ಮಹೋತ್ಸವ. ಜರ್ಮನಿಯ ವಾಲ್ಟರ್ ಬೋಥೆ ಮೊದಲಾದವರು ಬಂದಿದ್ದರು. ಫೋಟೊ ಪ್ಲೇಟನ್ನೇ ಕಣ ಹಿಡಿಯುವ ಬಲೆಯಾಗಿ ಬಳಸುವ ಯೋಚನೆ ಬೋಸ್ ಮತ್ತು ಬಿಭಾರಿಗೆ ಗಟ್ಟಿಯಾದದ್ದು ಆ ಸಮಯದ ಮಾತುಕತೆಯಿಂದ. ಆ ದಾರಿಯನ್ನು ತುಳಿದು ತೋರಿಸಿದವರೂ ಹೆಂಗಸರೇ ಎಂಬುದನ್ನು ಇಲ್ಲಿ ಹೇಳಲೇಬೇಕು. ವಿಯೆನ್ನಾದ ಮಾರಿಯೆಟ್ಟಾ ಬ್ಲೌ ಮತ್ತು ಹೆರ್ಟಾ ವಾಂಬಾಖರ್ 1937ರಲ್ಲಿ ಆಲ್ಪ್ಸ್ ಬೆಟ್ಟದ ಮೇಲಿಟ್ಟ ಪ್ಲೇಟುಗಳಲ್ಲಿ, ವಿಶ್ವಕಿರಣವೊಂದು ಪರಮಾಣುವಿನ ಬೀಜಕ್ಕೆ ಬಡಿದು ಅದು ನಕ್ಷತ್ರದಾಕಾರದಲ್ಲಿ ಚೂರಾದದ್ದನ್ನು ಕಂಡಿದ್ದರು. ಬ್ಲೌ ಯಹೂದಿ. ಮರುವರ್ಷವೇ ಊರು ಬಿಟ್ಟು ಓಡಬೇಕಾಯಿತು. ಅವರದು ಇನ್ನೊಂದು ದೊಡ್ಡ ಕಥೆ, ಮುಂದಿನ ಸಂಚಿಕೆಗೆ ಯಾರಾದರೂ ಬರೆಯಲಿ.

ಈಗ ಪ್ಲೇಟಿನ ಗುಟ್ಟಿಗೆ ಬರುತ್ತೇನೆ. ಗಾಜಿನ ಮೇಲೆ ಜೆಲಟಿನ್ ಲೇಪ, ಅದರೊಳಗೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳು. ನಮ್ಮ ಎಕ್ಸ್-ರೇ ಇಡೀ ಹಾಳೆಯನ್ನು ಒಟ್ಟಾಗಿ ಕಪ್ಪು ಮಾಡುತ್ತದೆ. ವಿದ್ಯುದಂಶವಿರುವ ಒಂಟಿ ಕಣ ಹಾಗಲ್ಲ. ಅದು ಲೇಪದೊಳಗೆ ನುಗ್ಗಿ ಹೋಗುವಾಗ ದಾರಿಯ ಹರಳುಗಳನ್ನಷ್ಟೇ ಮುಟ್ಟಿ ಹೋಗುತ್ತದೆ. ಡೆವಲಪ್ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಪ್ಪು ಚುಕ್ಕಿಗಳ ಸಾಲೊಂದು ಕಾಣುತ್ತದೆ, ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ಆ ಸಾಲನ್ನು ಓದಲು ಬರಬೇಕು, ಅಷ್ಟೆ. ಆಲ್ಫಾ ಕಣದ ಸಾಲು ಗಿಡ್ಡ, ತಲೆಗೂದಲಿನ ದಪ್ಪದಷ್ಟೂ ದೂರ ಹೋಗುವುದಿಲ್ಲ, ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪ್ರೋಟಾನಿನದು ಅದಕ್ಕಿಂತ ಉದ್ದ, ಸ್ವಲ್ಪ ಬಿಡಿಬಿಡಿ, ದಾರಿ ಹೆಚ್ಚು ಕಡಿಮೆ ನೇರ. ಎಲೆಕ್ಟ್ರಾನನ್ನು ಆ ಕಾಲದ ಪ್ಲೇಟು ಹಿಡಿಯುತ್ತಲೇ ಇರಲಿಲ್ಲ. ಮೆಸೊಟ್ರಾನ್ ಹಗುರವಾದ್ದರಿಂದ ದಾರಿಯಲ್ಲಿ ಸಿಕ್ಕಿದ ಪರಮಾಣುಗಳು ಅದನ್ನು ಅತ್ತಿತ್ತ ದೂಡುತ್ತವೆ, ವೇಗ ಕಡಿಮೆಯಾದ ಹಾಗೆಲ್ಲ ದಾರಿ ಇನ್ನಷ್ಟು ಸೊಟ್ಟ. ಹಾಗಾಗಿ ಎರಡು ಅಳತೆ ಬೇಕು: ಚುಕ್ಕಿಗಳ ನಡುವಿನ ಸರಾಸರಿ ಅಂತರ, ದಾರಿ ಸರಾಸರಿ ಎಷ್ಟು ಬಾಗಿದೆ ಎಂಬ ಕೋನ. ಎರಡನ್ನೂ ಸೇರಿಸಿದರೆ ಕಣದ ತೂಕದ ಅಂದಾಜು ಸಿಗುತ್ತದೆ.

ಹೇಳಲು ಎರಡು ಸಾಲು. ಮಾಡುವಾಗ ಏನಿರುತ್ತದೆ ಎಂದು ಡಾರ್ಕ್‌ರೂಮಿನಲ್ಲಿ ಇದ್ದವರಿಗೆ ಊಹಿಸಲು ಬರುತ್ತದೆ. ಗಾಳಿ ತೆಳುವಾಗಿರುವ ಎತ್ತರದಲ್ಲಿ ವಿಶ್ವಕಿರಣ ಹೆಚ್ಚು. ಅದಕ್ಕೆ ಪ್ಲೇಟುಗಳನ್ನು ಸುಮಾರು 7,000 ಅಡಿಯ ಡಾರ್ಜಿಲಿಂಗ್, 12,000 ಅಡಿಯ ಸಂದಕ್‌ಫು, ಅದನ್ನೂ ದಾಟಿ 14,000 ಅಡಿಗೂ ಎತ್ತರದ ಟಿಬೆಟ್ಟಿನ ಫಾರಿ ಜೋಂಗ್‌ಗೆ ಕಳಿಸಿ ಇರಿಸಿದರು. ತಿಂಗಳುಗಟ್ಟಲೆ ಅಲ್ಲೇ ಇಟ್ಟು, ಆಮೇಲೆ ಇಳಿಸಿ ತಂದು ತೊಳೆಯಬೇಕು. ಥಂಡಿ, ಸೆಕೆ, ತೇವ ಎಲ್ಲವೂ ಪ್ಲೇಟಿಗೆ ಶತ್ರು. ಹಿನ್ನೆಲೆ ಮಂಕಾಗುತ್ತ ಬರುತ್ತದೆ. ಮೊದಲ ತಿಂಗಳು ಬಿದ್ದ ಗುರುತು ಕೊನೆಯ ತಿಂಗಳಿಗೆ ಮಾಸಿರುತ್ತದೆ. ಗುರುತು ಮಾಸಿದರೆ ಚುಕ್ಕಿ ಕಡಿಮೆ ಕಾಣುತ್ತದೆ, ಭಾರದ ಕಣವೂ ಹಗುರವೆಂದು ಮೋಸ ಮಾಡಬಹುದು. ಇಂಥದ್ದರ ಮುಂದೆ ಕೂತು ಒಂದೊಂದೇ ಚುಕ್ಕಿ ಎಣಿಸಿ ಕೋನ ಅಳೆಯಬೇಕು. ಒಂದು ಸಾಲಲ್ಲ, ಎರಡು ಸಾಲಲ್ಲ. ಹೆಚ್ಚು ಹೊತ್ತು ಫಿಲ್ಮ್ ನೋಡಿದರೆ ನನಗೆ ಸಂಜೆ ಲೋಕಲ್ಲಿನಲ್ಲಿ ಕಣ್ಣು ಉರಿಯುತ್ತಿತ್ತು, ನನ್ನದು ಬರಿಗಣ್ಣಿನ ಕೆಲಸ.

1940ರಿಂದ 1942ರವರೆಗೆ ಇಬ್ಬರ ಬರಹಗಳು ಒಂದರ ಮೇಲೊಂದು ನೇಚರ್ ಪತ್ರಿಕೆಯಲ್ಲಿ ಬಂದವು. ಮೆಸೊಟ್ರಾನಿನ ತೂಕ ಎಲೆಕ್ಟ್ರಾನಿನ ಸುಮಾರು ಇನ್ನೂರು ಪಟ್ಟು ಎಂಬುದು ಅವರ ಲೆಕ್ಕ. ಅದು ಯುದ್ಧದ ಕಾಲ, ಬಿಭಾರಿಗೆ ಆಗ ಮೂವತ್ತು ತುಂಬಿರಲಿಲ್ಲ.

ಅಲ್ಲಿಗೆ ಆ ಕೆಲಸ ನಿಂತಿತು. ಅವರ ಹತ್ತಿರ ಇದ್ದದ್ದು ಇಲ್‌ಫರ್ಡ್ ಕಂಪನಿಯ ಹಾಫ್-ಟೋನ್ ಪ್ಲೇಟುಗಳು, ಚಿತ್ರ ಅಚ್ಚು ಹಾಕುವವರು ಬಳಸುವಂಥವು. ಅದಕ್ಕಿಂತ ಸೂಕ್ಷ್ಮವಾದ ಫುಲ್-ಟೋನ್ ಪ್ಲೇಟು ಬೇಕಾಗಿತ್ತು. ಯುದ್ಧದ ದೆಸೆಯಿಂದ ಅದು ಭಾರತಕ್ಕೆ ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಅದೇ ಇಲ್‌ಫರ್ಡ್ ಕಂಪನಿ ಬೆಳ್ಳಿಯ ಹರಳು ದಟ್ಟವಾಗಿರುವ ಹೊಸ ಪ್ಲೇಟು ತಯಾರಿಸಿತು. ಬ್ರಿಸ್ಟಲಿನ ಸೆಸಿಲ್ ಪವೆಲ್ ಅವರ ತಂಡ ಆ ಪ್ಲೇಟುಗಳನ್ನು ಪಿರೆನೀಸ್ ಬೆಟ್ಟಕ್ಕೂ ಬೊಲಿವಿಯಾದ ಬೆಟ್ಟಕ್ಕೂ ಹೊತ್ತೊಯ್ದು, 1947ರಲ್ಲಿ ಪೈ ಮೆಸಾನನ್ನು ಕಂಡುಹಿಡಿಯಿತು. 1950ರ ನೊಬೆಲ್ ಪವೆಲ್ ಅವರಿಗೆ. ಬೋಸ್ ಮತ್ತು ಚೌಧುರಿ ಈ ವಿಧಾನವನ್ನು ಮೊದಲೇ ಬಳಸಿದ್ದರು ಎಂದು ಪವೆಲ್ ಮುಂದೆ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ.

ಬಿಭಾರ ನೊಬೆಲನ್ನು ಕಿತ್ತುಕೊಂಡರು ಎನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ನನಗೆ ಕಾಣುವುದು ಬೇರೆ. ಪವೆಲ್ ಅವರ ಪ್ಲೇಟುಗಳಲ್ಲಿ ಭಾರದ ಮೆಸಾನೊಂದು ನಿಂತು, ಅದರ ತುದಿಯಿಂದಲೇ ಇನ್ನೊಂದು ಹಗುರದ ಮೆಸಾನ್ ಹೊರಟದ್ದು ಕಾಣುತ್ತಿತ್ತು. ಮೆಸಾನ್ ಒಂದಲ್ಲ ಎರಡು ಎಂದು ಬೇರೆ ಮಾಡಿ ತೋರಿಸಿದ್ದು ಆ ಚಿತ್ರ. ಇಂದಿನ ಲೆಕ್ಕದಲ್ಲಿ ಪೈ ಮೆಸಾನ್ ಎಲೆಕ್ಟ್ರಾನಿನ 273 ಪಟ್ಟು, ಮ್ಯೂಆನ್ 207 ಪಟ್ಟು. ಕಲ್ಕತ್ತೆಯ ಹಾಫ್-ಟೋನ್ ಪ್ಲೇಟಿನಿಂದ ಇವೆರಡನ್ನು ಬಿಡಿಸುವುದು ಆಗುತ್ತಿರಲಿಲ್ಲ, ಬಿಭಾ ಹಾಗೆ ಬಿಡಿಸಿದೆ ಎಂದು ಹೇಳಿಕೊಂಡೂ ಇಲ್ಲ. ನಾವೇಕೆ ಅವರ ಪರವಾಗಿ ಇಲ್ಲದ್ದನ್ನು ಹೇಳಬೇಕು? ಅವರಿಗೆ ಸಿಗದೇ ಹೋದದ್ದು ಒಂದು ಪೆಟ್ಟಿಗೆ ಒಳ್ಳೆಯ ಪ್ಲೇಟು. ಅಡುಗೆಯವಳ ಕೈ ಚೆನ್ನಾಗಿತ್ತು, ಅಂಗಡಿಯಲ್ಲಿ ಸಾಮಾನಿರಲಿಲ್ಲ. ನೊಬೆಲಿಗಿಂತ ಈ ನಷ್ಟವೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

1945ರಲ್ಲಿ ಅವರು ಇಂಗ್ಲೆಂಡಿಗೆ ಹೋದರು, ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಪ್ರಯೋಗಶಾಲೆಗೆ. ಒಂದು ವಿಶ್ವಕಿರಣ ಮೇಲಿನ ಗಾಳಿಗೆ ಬಡಿದರೆ ಸಾವಿರಾರು ಕಣಗಳ ಸುರಿಮಳೆಯೇ ಕೆಳಗಿಳಿಯುತ್ತದೆ, ಅದರೊಳಗೆ ಸೀಸವನ್ನೂ ತೂರಿ ಹೋಗುವ ಕಣಗಳು ಯಾವುವು ಎಂಬುದು ಪಿಎಚ್.ಡಿ. ವಿಷಯ. ಪ್ಲೇಟು ಬಿಟ್ಟು ಕೌಂಟರುಗಳಿಗೆ ಬಂದರು, ಕೇಳಿದ ಪ್ರಶ್ನೆ ಮಾತ್ರ ಅದೇ. ಅವರು ಅಲ್ಲಿದ್ದಾಗಲೇ, 1948ರಲ್ಲಿ, ಬ್ಲ್ಯಾಕೆಟ್‌ಗೆ ನೊಬೆಲ್ ಬಂತು.

1949ರಲ್ಲಿ ನಮ್ಮ ಮುಂಬಯಿಗೆ. ಹೋಮಿ ಭಾಭಾ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟುತ್ತಿದ್ದ ದಿನಗಳು. ಅಲ್ಲಿನ ಮೊದಲ ಮಹಿಳಾ ಸಂಶೋಧಕಿ ಬಿಭಾ. ಕೊಲಾಬಾದ ತುದಿಯಲ್ಲಿ ಈಗಿರುವ ಕಟ್ಟಡ ಆಗಿನ್ನೂ ಇರಲಿಲ್ಲ, ಸಂಸ್ಥೆ ಆಗ ತಾನೇ ಗೇಟ್‌ವೇ ಪಕ್ಕದ ಹಳೆಯ ಯಾಟ್ ಕ್ಲಬ್ಬಿಗೆ ಬಂದಿತ್ತು. ನಂಜನಗೂಡಿನ ಬಿ. ವಿ. ಶ್ರೀಕಂಠನ್, ಮುಂದೆ ಆ ಸಂಸ್ಥೆಯ ನಿರ್ದೇಶಕರಾದವರು, ಅದಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿಗೆ ಸೇರಿದ್ದ ತರುಣ. ಬಿಭಾ 1957ರವರೆಗೆ ಮುಂಬಯಿಯಲ್ಲಿದ್ದರು. ನಮ್ಮ ಸಂಘದ ಹಿರಿಯರನೇಕರು ಫೋರ್ಟಿನಲ್ಲಿ ಗುಮಾಸ್ತಿಕೆ, ಹೋಟೆಲ್ ಕೆಲಸ ಮಾಡುತ್ತ ರಾತ್ರಿಶಾಲೆಯಲ್ಲಿ ಓದುತ್ತಿದ್ದ ಕಾಲವೂ ಅದೇ. ಅದೇ ಬೀದಿಗಳಲ್ಲಿ ಅವರು ಓಡಾಡಿರಬೇಕು ಎಂದು ಆ ಕಡೆ ಹೋದಾಗಲೆಲ್ಲ ಅನ್ನಿಸುತ್ತದೆ.

ಮುಂಬಯಿಯ ನಂತರ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ವಿಕ್ರಮ್ ಸಾರಾಭಾಯಿ ಅವರ ಜೊತೆ. ಅಲ್ಲಿದ್ದಾಗ ಅವರು ತೊಡಗಿಕೊಂಡದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲಿ. ಇಲ್ಲಿ ನನ್ನದೊಂದು ಸಣ್ಣ ಎಳೆ ಸೇರುತ್ತದೆ. ನನ್ನ ಸೋದರಮಾವ ಕೆ.ಜಿ.ಎಫ್.ನಲ್ಲಿ ಗಣಿ ಆಫೀಸಿನ ಗುಮಾಸ್ತರು. 1965ರ ಬೇಸಿಗೆ ರಜಕ್ಕೆ ನಾವು ಮಕ್ಕಳೆಲ್ಲ ರಾಬರ್ಟ್‌ಸನ್‌ಪೇಟೆಯಲ್ಲಿದ್ದೆವು. ಗಣಿಯ ಆಳದಲ್ಲಿ ಬೊಂಬಾಯಿಯವರು, ಜಪಾನಿನವರು, ಇಂಗ್ಲೆಂಡಿನವರು ಏನೋ ಪೆಟ್ಟಿಗೆ ಇಟ್ಟು ಕಾಯುತ್ತಿದ್ದಾರೆ, ಆಕಾಶದಿಂದ ಬರುವುದನ್ನು ಪಾತಾಳದಲ್ಲಿ ಹಿಡಿಯುತ್ತಾರಂತೆ ಎಂದು ಮಾವ ಊಟದ ಹೊತ್ತಿಗೆ ಹೇಳಿದರೆ ಅತ್ತೆ ನಂಬಲಿಲ್ಲ. ಅದು ನಿಜವೇ ಆಗಿತ್ತು. ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಆ ವರ್ಷ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅದು ಬಿಭಾರ ಪ್ರಯೋಗವಲ್ಲ. ಆದರೆ ಗಣಿ ಯಾಕೆ ಬೇಕಾಯಿತು ಎಂಬುದು ಇಬ್ಬರಿಗೂ ಒಂದೇ. ಫಿಲ್ಮ್ ಬ್ಯಾಡ್ಜಿನ ತಾಮ್ರ ಸೀಸದ ಜರಡಿ ಹೇಳಿದೆನಲ್ಲ, ಇಲ್ಲಿ ಕೋಲಾರದ ಬಂಡೆಯೇ ಜರಡಿ. ಮೇಲಿನ ಸುರಿಮಳೆಯ ಎಲೆಕ್ಟ್ರಾನು, ಗಾಮಾ ಎಲ್ಲ ಮಣ್ಣು ಕಲ್ಲಿನಲ್ಲೇ ಇಂಗಿಹೋಗಿ ಕೆಳಗೆ ತಲುಪುವುದು ಶಕ್ತಿವಂತ ಮ್ಯೂಆನ್‌ಗಳು ಮಾತ್ರ. ಸುರಿಮಳೆಯಿಂದ ಆಳಕ್ಕಿಳಿಯುವ ಆ ಮ್ಯೂಆನ್‌ಗಳೇ ಬಿಭಾರಿಗೆ ಬೇಕಾಗಿದ್ದವು. ಸಂದಕ್‌ಫುವಿನಲ್ಲಿ ಮೇಲೆ ಹತ್ತಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಕೆಳಗಿಳಿದು ಕೇಳಿದ ಹಾಗೆ.

1971ರ ಡಿಸೆಂಬರ್ ಕೊನೆಯಲ್ಲಿ ಸಾರಾಭಾಯಿ ಇದ್ದಕ್ಕಿದ್ದಂತೆ ತೀರಿಕೊಂಡರು. ಕೋಲಾರದ ಕೆಲಸದ ನಂತರ ಮೌಂಟ್ ಅಬುವಿನಲ್ಲಿ ಹೊಸ ಪ್ರಯೋಗವೊಂದನ್ನು ಮಾಡಬೇಕೆಂಬುದು ಬಿಭಾರ ಯೋಜನೆ. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಂಡು ಅವರು ಕಲ್ಕತ್ತೆಗೆ ಮರಳಿದರು. ಅಲ್ಲಿ ಸಾಹಾ ಸಂಸ್ಥೆಯವರ ಜೊತೆ ಸೇರಿ ಕೆಲಸ ಮುಂದುವರಿಸಿದರು. ಯಾವ ದೊಡ್ಡ ಪ್ರಶಸ್ತಿಯೂ ಬರಲಿಲ್ಲ. ದೇಶದ ವಿಜ್ಞಾನ ಅಕಾಡೆಮಿಗಳು ಅವರನ್ನು ಸದಸ್ಯರಾಗಿಯೂ ಆರಿಸಲಿಲ್ಲ. 1957ರಲ್ಲಿ, 1972ರಲ್ಲಿ, ಎಂದಾದರೂ ಒಮ್ಮೆ ಸಾಕು ಎಂದು ಅನ್ನಿಸಿರಬಾರದೇ? ಅನ್ನಿಸಿದ್ದರೂ ಕೆಲಸದಲ್ಲಿ ಅದು ಕಾಣುವುದಿಲ್ಲ. 1990ರಲ್ಲೂ ಅವರ ಪ್ರಬಂಧ ಪ್ರಕಟವಾಗಿದೆ. ಆಗ ವಯಸ್ಸು ಎಪ್ಪತ್ತೇಳರ ಹತ್ತಿರ. 1991ರ ಜೂನ್ 2ರಂದು ತೀರಿಕೊಂಡರು.

ಅವರು ಸತ್ತು ಇಪ್ಪತ್ತೇಳು ವರ್ಷವಾದ ಮೇಲೆ, 2018ರಲ್ಲಿ, ರಾಜಿಂದರ್ ಸಿಂಗ್ ಮತ್ತು ಸುಪ್ರಕಾಶ್ ರಾಯ್ ಇಂಗ್ಲಿಷಿನಲ್ಲಿ ಅವರ ಜೀವನಚರಿತ್ರೆ ಬರೆದರು. ಪತ್ರಿಕೆಗಳಲ್ಲಿ ಹೆಸರು ಬರತೊಡಗಿದ್ದು ಆಮೇಲೆಯೇ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ನೂರು ವರ್ಷ ತುಂಬಿದ ಸಂಭ್ರಮಕ್ಕೆ ಒಂದೊಂದು ದೇಶಕ್ಕೂ ಒಂದು ನಕ್ಷತ್ರವನ್ನೂ ಅದರ ಗ್ರಹವನ್ನೂ ಹೆಸರಿಡಲು ಕೊಟ್ಟಿತು. ಭಾರತಕ್ಕೆ ಬಂದ ಎಚ್.ಡಿ. 86081 ಎಂಬ ನಕ್ಷತ್ರ ಬಿಭಾ ಆಯಿತು. ನಮ್ಮ ವಿಭಾ ಎಂಬುದೇ ಬಂಗಾಳಿ ಬಾಯಲ್ಲಿ ಬಿಭಾ, ಬೆಳಕು ಎಂದೇ ಅರ್ಥ. ಗ್ರಹಕ್ಕೆ ಸಂತಮಸ ಎಂದು ಹೆಸರು. ಅದು ಎರಡು ದಿನ ಚಿಲ್ಲರೆಯಲ್ಲಿ ನಕ್ಷತ್ರವನ್ನು ಒಂದು ಸುತ್ತು ಹಾಕಿಬಿಡುತ್ತದೆ.

ಮೊಮ್ಮಗಳು ಫೋನಿನಲ್ಲಿ ಆಕಾಶದ ನಕ್ಷೆ ತೆಗೆದು ಹುಡುಕಿಕೊಟ್ಟಳು. ಮಾರ್ಚ್, ಏಪ್ರಿಲ್ ತಿಂಗಳ ರಾತ್ರಿ ಸಿಂಹ ರಾಶಿಯ ಕೆಳಗೆ ನೋಡಬೇಕು. ಬರಿಗಣ್ಣಿಗೆ ಕಾಣುವುದಿಲ್ಲ, ದುರ್ಬೀನು ಬೇಕು. ನಮ್ಮ ಡೊಂಬಿವಲಿಯ ಆಕಾಶದಲ್ಲಿ ದುರ್ಬೀನು ಇದ್ದರೂ ಕಷ್ಟವೇ. ಊರಿಗೆ ಹೋದಾಗ ನೋಡಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.